ಗಂಟು ಹಾಕಿದ ಅಪಧಮನಿ

"ಇದ್ಯಾರು ಮಾಡಿದ ಘನಂದಾರಿ ಕೆಲಸ?"

ಮೆಡಿಕಲ್ ಕಾಲೇಜಿನ ಡಿಸೆಕ್ಷನ್ ಹಾಲ್‌ನಲ್ಲಿ, ಮೇಜಿನ ಮೇಲೆ ಬೋರಲು ಮಲಗಿಸಿದ್ದ ದೇಹದ ಬಲ ಪೃಷ್ಠದೊಳಗೆ ಚಿಮುಟ ಆಡಿಸುತ್ತಿದ್ದ ಮೇಡಂ ತಲೆಯೆತ್ತದೆ ಕೇಳಿದರು. ಉತ್ತರ ಕೊಡಬೇಕಾದವನು ಎದುರಿಗೇ ನಿಂತು ಕೈಗವಸಿನ ಬೆರಳು ಎಳೆದುಕೊಳ್ಳುತ್ತಿದ್ದ. ಸ್ವಂತ ತಂಗಿಯ ಮಗ. ಅವನಿಗೆ ಇವರು ಮನೆಯಲ್ಲಿ ದೊಡ್ಡಮ್ಮ, ಇಲ್ಲಿ ಮೇಡಂ.

ಪೃಷ್ಠಕ್ಕೆ ರಕ್ತ ತರುವ ಮುಖ್ಯ ಅಪಧಮನಿಗಳು ಎರಡು. ಪಿರಿಫಾರ್ಮಿಸ್ ಎಂಬ ಸ್ನಾಯುವಿನ ಮೇಲಂಚಿನಲ್ಲಿ ಒಂದು ಹೊರಬಂದರೆ ಕೆಳಂಚಿನಲ್ಲಿ ಇನ್ನೊಂದು. ತಲೆ ನೆರೆಯುವ ತನಕ ಮೇಡಂ ಗಂಟಲು ಹರಿದುಕೊಂಡು ಹೇಳಿದ ಪಾಠ. ಈ ಮಹಾನುಭಾವ ಕೊಬ್ಬು ಬಿಡಿಸುವ ಅವಸರದಲ್ಲಿ ಎರಡನ್ನೂ ಕತ್ತರಿಸಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಯಾರಿಗೂ ಗೊತ್ತಾಗದಿರಲೆಂದು ತುದಿಗಳನ್ನು ದಾರದಿಂದ ಕಟ್ಟಿದ್ದ. ಅದೂ ಮೇಲಿನದನ್ನು ಕೆಳಗಿನದಕ್ಕೆ!

"ಹುಟ್ಟಿಸಿದ ದೇವರಿಗೂ ಹೊಳೀದೇ ಇರೋ ದಾರಿ ಕಣಪ್ಪ ಇದು."

"ಚಾಕು ಜಾರಿಬಿಡ್ತು ಮೇಡಂ."

"ಚಾಕು ಯಾಕೆ ಹಿಡಿದೆ? ಬೆರಳಲ್ಲಿ ಬಿಡಿಸು, ಬೆರಳಲ್ಲಿ ಬಿಡಿಸು ಅಂತ ಬಡ್ಕೊಂಡಿಲ್ವಾ? ತೊಡೆಯ ಮುಂದಿನ ದೊಡ್ಡ ನಾಳ ಕಟ್ಕೊಂಡ್ರೆ ಕಾಲಿಗೆ ರಕ್ತ ಒಯ್ಯೋಕೆ ನೆರವಾಗೋದು ಈ ಕೆಳಗಿನದರ ಕವಲುಗಳು. ಈಗ ಅದನ್ನ ಉಳಿದವರಿಗೆಲ್ಲ ಎಲ್ಲಿ ತೋರಿಸ್ಲಿ, ನನ್ನ ತಲೆಯಲ್ಲಾ?"

ಎಡಭಾಗವನ್ನು ಹೋದ ವಾರವೇ ಇನ್ನೊಂದು ತಂಡ ಚಿಂದಿ ಮಾಡಿತ್ತು. ಈ ವರ್ಷ ಕಾಲೇಜಿಗೆ ಬಂದದ್ದು ಇದೊಂದೇ ದೇಹ. ಯಾರೋ ಪುಣ್ಯಾತ್ಮ, ಬದುಕಿದ್ದಾಗಲೇ ಮಾತು ಕೊಟ್ಟು, ಬೇಡವೆಂದು ಅತ್ತ ಹೆಂಡತಿ ಮಕ್ಕಳನ್ನು ಒಪ್ಪಿಸಿ, ಇಲ್ಲಿ ಬಂದು ಮಲಗಿದ್ದ. ಅವನ ಮುಖ ನೆನೆದು ಮೇಡಂಗೆ ಸಿಟ್ಟಿನ ಜೊತೆ ಅಳುವೂ ಬಂತು. ಫಾರ್ಮಲಿನ್ ಘಾಟೆಂದು ಕಣ್ಣೊರೆಸಿಕೊಂಡರು.

"ಬೇರೆ ದೇಹ ಬರಲ್ವಾ ಮೇಡಂ?" ಹುಡುಗ ಮೆಲ್ಲಗೆ ಕೇಳಿದ.

"ಬರುತ್ತೆ." ಮೇಡಂ ಕೈಗವಸು ಕಿತ್ತು ಬುಟ್ಟಿಗೆಸೆದರು. "ನಂದೇ. ಸತ್ತ ಮೇಲೆ ಈ ಹಾಲ್‌ಗೇ ಅಂತ ನಾನೂ ಮಾತು ಕೊಟ್ಟಾಗಿದೆ."

"ದೊಡ್ಡಮ್ಮ!"

"ಇಲ್ಲಿ ಮೇಡಂ ಅನ್ನು." ಅವನ ಮುಂದಿದ್ದ ಚಾಕು ಎತ್ತಿಕೊಂಡು ಅವನ ಕೈಗೆ ಚಿಮುಟ ತುರುಕಿದರು. "ಮೊದಲು ಆ ಗಂಟು ಬಿಚ್ಚು. ನಾಳೆ ನನಗೂ ಹೀಗೇ ಗಂಟು ಹಾಕಿದೆ ಅಂದ್ರೆ, ಎದ್ದು ಕೂತು ಕಪಾಳಕ್ಕೆ ಬಾರಿಸ್ತೀನಿ."