ಪಾಯಸದ ಬಕೆಟ್ ಹಿಡಿದವನು

“ಮುಖ ಒಂದು ಕಂಡ್ರೆ ಸಾಕು ಮಾರಾಯ, ಉಳಿದಿದ್ದು ಹಾಳಾಗಿ ಹೋಗ್ಲಿ,” ಎಂದಳು ದಾಕ್ಷಾಯಣಮ್ಮ.

ಅಕ್ರಂ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದ. ಸವಳಂಗ ರಸ್ತೆಯ ಅವನ ವಿಡಿಯೋ ಅಂಗಡಿಗೆ ಆಕೆ ಭದ್ರಾವತಿಯಿಂದ ಬಂದದ್ದು ಇದು ಮೂರನೆಯ ಸಲ. ಕಂಪ್ಯೂಟರಿನ ಪರದೆಯ ಮೇಲೆ ಆಕೆಯ ಮೈದುನನ ಮಗಳು ಶಾಂಭವಿಯ ಮದುವೆಯ ಊಟ ನಡೆದಿತ್ತು. ಎಲೆಗಳ ಸಾಲು. ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನ ಒಂದೂವರೆ. ಹಸಿರು ಗೆರೆಯ ಅಂಗಿ ತೊಟ್ಟ ಹುಡುಗನೊಬ್ಬ ಬಗ್ಗಿ ಬಗ್ಗಿ ಪಾಯಸ ಬಡಿಸುತ್ತಿದ್ದ. ಕುತ್ತಿಗೆಯಿಂದ ಮೇಲೆ ಬರೀ ಬಣ್ಣದ ಚೌಕಗಳು.

ಅವನು ತನ್ನ ಮಗ ರುದ್ರೇಶ. ಅದರಲ್ಲಿ ಆಕೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆ ಬಟ್ಟೆ ಆರಿಸಿದವಳೇ ಅವಳು. ಮದುವೆ ಮನೆಯ ಹುಡುಗರಿಗೆಲ್ಲ ಒಂದೇ ಥಾನಿನ ಬಟ್ಟೆಯಲ್ಲಿ ಅಂಗಿ ಹೊಲಿಸುವುದು ಅವರ ಮನೆತನದ ಪದ್ಧತಿ. ಬಕೆಟ್ಟನ್ನು ಮಗನ ಕೈಗೆ ಕೊಟ್ಟು, “ಯಾರಿಗೂ ಕಮ್ಮಿ ಮಾಡ್ಬೇಡ” ಎಂದು ಪಂಕ್ತಿಗೆ ಅಟ್ಟಿದವಳೂ ಅವಳೇ.

ಅದೇ ಒಂದೂವರೆಗೆ, ಊರಾಚೆಯ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದ ಬೀರಪ್ಪನಿಗೆ ಬೈಕೊಂದು ಗುದ್ದಿ, ನಿಲ್ಲದೆ ಹೋಗಿತ್ತು. ಬೀರಪ್ಪ ಬದುಕಲಿಲ್ಲ. ಬೈಕು ರುದ್ರೇಶನದು. ಕೀಲಿ ಯಾರೋ ಎತ್ತಿಕೊಂಡು ಹೋಗಿದ್ದರು, ತಾನು ಪಾಯಸ ಬಡಿಸುತ್ತಿದ್ದೆ ಎಂದು ಅವನು ತಾಯಿಯ ತಲೆ ಮುಟ್ಟಿ ಆಣೆಯಿಟ್ಟಿದ್ದ. ವಕೀಲ ಶಿವಯೋಗಪ್ಪನವರು ಮಾತ್ರ, “ಆಣೆ ಕೋರ್ಟಲ್ಲಿ ನಡೆಯಲ್ಲಮ್ಮ. ಸೋಮವಾರದೊಳಗೆ ಮುಖ ಕಾಣೋ ಕಾಪಿ ತನ್ನಿ. ಇಲ್ಲದಿದ್ರೆ ಜೈಲು ಗ್ಯಾರಂಟಿ” ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಇವತ್ತು ಶನಿವಾರ.

ಮೊನ್ನೆ ಕೋರ್ಟಿನ ಜಗಲಿಯಲ್ಲಿ ಬೀರಪ್ಪನ ಹೆಂಡತಿ ಹೂವಮ್ಮ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ದಾಕ್ಷಾಯಣಮ್ಮ ತಾನಾಗಿಯೇ ಹೋಗಿ ಹೇಳಿದ್ದಳು: “ನನ್ನ ಮಗನೇ ಆಗಿದ್ರೆ ನಾನೇ ಅವನ ಕೈ ಹಿಡ್ಕೊಂಡು ಬಂದು ನಿನ್ನ ಮುಂದೆ ನಿಲ್ಲಿಸ್ತಿದ್ದೆ ಕಣೆ.” ಹೂವಮ್ಮ ತಲೆಯಾಡಿಸಿದ್ದಳು. ಪಾಪ, ನಂಬಿದ್ದಳು.

ಮೊದಲ ಸಲ ಆಕೆ ತಂದದ್ದು ಯಾವುದೋ ಅಂಗಡಿಯವನು ಮಾಡಿಕೊಟ್ಟ ಕಾಪಿ. ಮೂರು ಗಂಟೆಯ ಮದುವೆಯನ್ನು ಒಂದೇ ಸಿ.ಡಿ.ಗೆ ತುರುಕಿ ಮುಖಗಳನ್ನೆಲ್ಲ ಚೌಕ ಮಾಡಿದ್ದ. “ಇದರಲ್ಲಿ ಇಲ್ಲದ್ದನ್ನ ಎಲ್ಲಿಂದ ತರ್ಲಿ ಅಮ್ಮ? ಅಸಲಿ ಡಿಸ್ಕ್ ತನ್ನಿ” ಎಂದಿದ್ದ ಅಕ್ರಂ. ಎರಡನೆಯ ಸಲ ಅಸಲಿ ಡಿ.ವಿ.ಡಿ. ಬಂತು. ಮನೆಯ ಮಕ್ಕಳು ಅದನ್ನು ಚಕ್ರ ಮಾಡಿ ಉರುಳಿಸಿ ಆಡಿದ್ದರು. ಮೈತುಂಬ ಗೀರು. ಕಾಪಿ ತೆಗೆದರೆ ಅದೇ ಜಾಗದಲ್ಲಿ ಮತ್ತೆ ಚೌಕ.

ಇವತ್ತು ಜೊತೆಗೆ ಶಾಂಭವಿಯ ತಮ್ಮ, ಮುರಿದ ಹಲ್ಲಿನ ವಿಶ್ವಾರಾಧ್ಯ ಬಂದಿದ್ದ. ಅಂಗಡಿಯೊಳಗೆ ಮಾತ್ರ ಕಾಲಿಡದೆ ಹೊರಗೆ ಮೆಟ್ಟಿಲ ಮೇಲೇ ಕೂತ. “ಇಷ್ಟು ಕಂಡಿದ್ದು ಸಾಕು ದೊಡ್ಡಮ್ಮ. ಅಂಗಿ ಕಾಣತ್ತಲ್ಲ, ಅದು ಅಣ್ಣಾನೇ ಅಂತ ಎಲ್ಲರೂ ಹೇಳ್ತೀವಿ. ಜಾಸ್ತಿ ಕೆದಕೋದು ಬೇಡ” ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದ್ದ. ಹೆತ್ತವಳ ಸಂಕಟ ಇವನಿಗೇನು ಗೊತ್ತು ಎಂದು ಆಕೆಗೆ ಮೈ ಉರಿದಿತ್ತು. ರುದ್ರೇಶನೋ, ಡಿಸ್ಕಿನ ಮಾತೆತ್ತಿದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದ. ಹೆದರಿ ಸೊರಗಿದ್ದಾನೆ ಮಗು ಎಂದು ಕರುಳು ಕಿತ್ತು ಬರುತ್ತಿತ್ತು.

ಅಕ್ರಂ ಡಿಸ್ಕನ್ನು ಹೊರತೆಗೆದು, ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದ. ಮತ್ತೆ ಒಳಗಿಟ್ಟು, ವೇಗವನ್ನು ಇಳಿಸುವಷ್ಟು ಇಳಿಸಿದ. ಡ್ರೈವ್ ಕೆಮ್ಮಿತು, ನಿಂತಿತು, ಮತ್ತೆ ತಿರುಗಿತು. ದಾಕ್ಷಾಯಣಮ್ಮ ಸೆರಗಿನ ತುದಿ ಕಚ್ಚಿಕೊಂಡು ಕೂತಳು. ಎರಡು ಗಂಟೆ ಹಾಗೇ ಕಳೆಯಿತು.

ಚೌಕಗಳು ಹೋದವು. ಆದರೆ ಹುಡುಗ ಅಲ್ಲಾಡಿದಾಗಲೆಲ್ಲ ಮುಖ ಬಾಚಣಿಗೆಯ ಹಲ್ಲಿನಂತೆ ಗೆರೆಗೆರೆಯಾಗುತ್ತಿತ್ತು.

“ಕ್ಯಾಮೆರಾ ಒಂದು ಚಿತ್ರಾನ ಎರಡು ಅರ್ಧ ಮಾಡಿ ಹಿಡಿಯುತ್ತೆ ಅಮ್ಮ. ಆಳು ಅಲ್ಲಾಡಿದ್ರೆ ಅರ್ಧಕ್ಕೆ ಅರ್ಧ ಕೂಡಲ್ಲ. ಕೂಡಿಸ್ತೀನಿ, ತಾಳಿ.”

“ಕೂಡಿಸಪ್ಪ. ನಿನ್ನ ಕಾಲಿಗೆ ಬೀಳ್ತೀನಿ.”

“ಅಯ್ಯೋ, ಹಂಗನ್ಬೇಡಿ. ನಮ್ಮಮ್ಮನ ವಯಸ್ಸು ನಿಮ್ದು.”

ಇನ್ನೂ ಅರ್ಧ ಗಂಟೆ. ಪಾಯಸದವನು ಬಗ್ಗಿದ, ತಲೆಯೆತ್ತಿದ, ಕ್ಯಾಮೆರಾ ನೋಡಿ ನಕ್ಕ. ಅಕ್ರಂ ಚಿತ್ರವನ್ನು ಅಲ್ಲೇ ನಿಲ್ಲಿಸಿ, ಗೆದ್ದವನಂತೆ ಕುರ್ಚಿ ತಿರುಗಿಸಿದ.

“ನೋಡಿ ಅಮ್ಮ! ಮುಂದಿನ ಹಲ್ಲು ಮುರಿದಿರೋದೂ ಕಾಣ್ತಿದೆ. ಇನ್ನು ಯಾವ ಜಡ್ಜೂ ಇಲ್ಲ ಅನ್ನೋ ಹಾಗಿಲ್ಲ. ಬಚಾವಾದ ನಿಮ್ಮ ಮಗ!”

ದಾಕ್ಷಾಯಣಮ್ಮ ಪರದೆ ನೋಡಿದಳು. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಿದ್ದ ವಿಶ್ವಾರಾಧ್ಯನನ್ನು ನೋಡಿದಳು. ಕೈ ತಾನಾಗಿಯೇ ನೆತ್ತಿಗೆ ಹೋಯಿತು, ಮಗ ಮುಟ್ಟಿ ಆಣೆಯಿಟ್ಟಿದ್ದ ಜಾಗಕ್ಕೆ.

“ಅಕ್ರಂ,” ಎಂದಳು, “ಆ ಚೌಕಗಳನ್ನ ಮತ್ತೆ ಹಾಕಿಕೊಡಕ್ಕೆ ಆಗತ್ತಾ, ಮಾರಾಯ?”