ಧ್ವನಿಪರೀಕ್ಷೆ

ಮೂಕಿ ಚಿತ್ರಗಳ ಕಾಲದಲ್ಲಿ ಅಂಬುಜಾಬಾಯಿ ದೊಡ್ಡ ತಾರೆ. ಟಾಕಿ ಬಂದಾಗ, ನಿರ್ದೇಶಕನಾಗಿದ್ದ ಗಂಡನೇ ಸ್ಟುಡಿಯೋದಲ್ಲಿ ಅವಳನ್ನು ಒಂದು ಯಂತ್ರದ ಮುಂದೆ ನಿಲ್ಲಿಸಿ ಮಾತಾಡಿಸಿದ.

ಮರುದಿನ, "ನಿನ್ನ ದನಿ ಯಂತ್ರಕ್ಕೆ ಒಗ್ಗಲಿಲ್ಲ ಕಣೇ. ಕೇಳಿದವರೆಲ್ಲ ನಕ್ಕರು," ಎಂದ.

ಟಾಕಿಯ ನಾಯಕಿಯ ಪಾತ್ರ ಹೊಸ ಹುಡುಗಿಯೊಬ್ಬಳಿಗೆ ಹೋಯಿತು. ವರ್ಷದೊಳಗೆ ಗಂಡನೂ ಆ ಹುಡುಗಿಯ ಮನೆ ಸೇರಿದ. ಅಂಬುಜಾಬಾಯಿ ನಾಲ್ಕು ಜನರೆದುರು ಬಾಯಿಬಿಡುವುದನ್ನೇ ನಿಲ್ಲಿಸಿದಳು.

ಇಪ್ಪತ್ತು ವರ್ಷದ ಮೇಲೆ, ಆ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದ ರಾಜರತ್ನಂ ಮದುವೆಯೊಂದರಲ್ಲಿ ಸಿಕ್ಕಿ ಮಾತಾಡಿಸಿದರು. ಅವಳು ಮೆಲ್ಲಗೆ ಎರಡು ಮಾತಾಡಿದಳು.

"ಇಷ್ಟು ಚೆಂದದ ದನಿ ಇಟ್ಟುಕೊಂಡು ಟಾಕಿಗೆ ಯಾಕೆ ಬರಲಿಲ್ಲ ತಾಯಿ?"

"ಪರೀಕ್ಷೆಯಲ್ಲಿ ಸೋತೆನಲ್ಲ. ಆ ವರ್ಷ ಯುಗಾದಿಯ ಮರುದಿನ ನಿಮ್ಮ ಯಂತ್ರದ ಮುಂದೆಯೇ ಮಾತಾಡಿದ್ದೆ."



"ನಮ್ಮ ಯಂತ್ರ ಬಂದದ್ದೇ ಆ ವರ್ಷದ ದೀಪಾವಳಿಗೆ, ಅಮ್ಮ. ಯುಗಾದಿಯಲ್ಲಿ ಅಲ್ಲಿದ್ದದ್ದು ಚಿತ್ರದ ಸೆಟ್‌ಗೆಂದು ಬಡಗಿ ಮಾಡಿದ ಖಾಲಿ ಪೆಟ್ಟಿಗೆ."