ಕ್ಯಾಬಿನ್ನಿನ ಗಾಜು

ಊಟದ ಹೊತ್ತಿಗೆ ಟೈಪಿಸ್ಟಮ್ಮ ಆಫೀಸಿನ ದೀಪಗಳನ್ನೆಲ್ಲ ಆರಿಸಿದಳು. ವಿದ್ಯುತ್ ಉಳಿಸಬೇಕೆಂದು ಮ್ಯಾನೇಜರ್ ಬೆಳಿಗ್ಗೆಯಷ್ಟೇ ಹೊರಡಿಸಿದ್ದ ಅಪ್ಪಣೆ ಅದು. ಪಾರ್ಸೆಲ್ ಆಫೀಸಿರುವುದು ನೆಲಮಾಳಿಗೆಯಲ್ಲಿ, ಹೆಸರಿಗೂ ಒಂದು ಕಿಟಕಿಯಿಲ್ಲ. ಕತ್ತಲಲ್ಲಿ ಡಬ್ಬಿ ಬಿಚ್ಚಿ, ತುತ್ತು ಬಾಯಿಗೋ ಮೂಗಿಗೋ ಎಂದು ತಡಕಾಡುತ್ತಿದ್ದಾಗ ಎದುರಿನ ಮ್ಯಾನೇಜರ್ ಕ್ಯಾಬಿನ್ ಇದ್ದಕ್ಕಿದ್ದಂತೆ ಸಿನಿಮಾ ಪರದೆಯ ಹಾಗೆ ಬೆಳಗಿತು.

"ಅಕ್ಕಾ, ಒಳಗಿರೋದೆಲ್ಲ ಕಾಣ್ತಿದೆ!" ಎಂದು ಪಿಸುಗುಟ್ಟಿದ ತೂಕದಣ್ಣ. ಪಾರ್ಸೆಲ್ ತೂಗುವವನಾದ್ದರಿಂದ ಅವನಿಗೆ ಆ ಹೆಸರು. ಗಾಬರಿಯಲ್ಲಿ ಫೋನಿನ ಟಾರ್ಚ್ ಹಚ್ಚಿದ.

"ಆರಿಸೋ! ನಾವೂ ಕಂಡುಬಿಡ್ತೀವಿ."

ನಿಜಕ್ಕೂ ಒಳಗಿನದು ಕಾಣಬಾರದಿತ್ತು. ಮ್ಯಾನೇಜರ್ ಆ ಗಾಜು ಹಾಕಿಸಿದ್ದೇ ಅದಕ್ಕೆ. ಹೊರಗಿನವರಿಗೆ ಅದು ಬರೀ ಕನ್ನಡಿ. ಒಳಗೆ ದೀಪ ಹಚ್ಚದೆ ಕೂರುವ ಮ್ಯಾನೇಜರಿಗೆ ಮಾತ್ರ ಯಾರು ಆಕಳಿಸಿದರು, ಯಾರು ಮೇಜಿನ ಕೆಳಗೆ ಸ್ವೆಟರ್ ಹೆಣೆದರು ಎಲ್ಲವೂ ಕಾಣುತ್ತಿತ್ತು. ಗಾಜಿಗೆ ಕೊರೆಸಿದ್ದ ತೂತಿನಿಂದ ತಕ್ಷಣ ಬೈಗುಳ ಹೊರಬರುತ್ತಿತ್ತು. ಆದರೆ ಪಾಪ, ಗಾಜಿಗೆ ಸಾಹೇಬರು ಯಾರು, ನೌಕರರು ಯಾರು ಎಂದು ಹೇಗೆ ಗೊತ್ತಾಗಬೇಕು? ಬೆಳಕಲ್ಲಿರುವವರಿಗೆ ಅದು ಕನ್ನಡಿ, ಕತ್ತಲಲ್ಲಿರುವವರಿಗೆ ಕಿಟಕಿ. ಇವತ್ತು ಕತ್ತಲು ಇವರ ಪಾಲಿಗೆ ಬಂದಿತ್ತು. ಮೇಜಿನ ದೀಪ ಹಚ್ಚಿಕೊಂಡು ನಿಂತ ಮ್ಯಾನೇಜರಿಗೆ ಕಾಣುತ್ತಿದ್ದುದು ಅವರದೇ ಮುಖ.

ಆ ಮುಖ ಅವರಿಗೆ ಬಹಳ ಹಿಡಿಸಿದಂತಿತ್ತು. ಕಿವಿಯ ಮೇಲಿನ ನಾಲ್ಕು ಕೂದಲನ್ನು ಬೋಳಿನ ಈ ದಡದಿಂದ ಆ ದಡಕ್ಕೆ ದಾಟಿಸಿದರು. ಹಲ್ಲು ಕಿಸಿದು ಪರೀಕ್ಷಿಸಿದರು. ಹಿಂದಿನ ಗೋಡೆಯ ಮೇಲೆ ಚಾವಣಿ ಮುಟ್ಟುವಷ್ಟು ದೊಡ್ಡ ನೆರಳೂ ಹಲ್ಲು ನೋಡಿಕೊಂಡಿತು. ಟೈಪಿಸ್ಟಮ್ಮ ನಗು ತಡೆಯಲಾರದೆ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು.

ಆಮೇಲೆ ಮ್ಯಾನೇಜರ್ ಮುಖ ಗಂಟುಹಾಕಿ ಬೆರಳು ಚಾಚಿದರು. ಇಬ್ಬರ ನಗುವೂ ಅಲ್ಲೇ ನಿಂತಿತು. ಸಂಜೆಯೊಳಗೆ ಇಬ್ಬರಲ್ಲಿ ಒಬ್ಬರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದ್ದರು. ಯಾರನ್ನು ಎಂದು ಹೇಳಿರಲಿಲ್ಲ. ತೂಕದಣ್ಣನ ಹೆಂಡತಿ ತುಂಬು ಬಸುರಿ. ಟೈಪಿಸ್ಟಮ್ಮನ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

"ಅಭ್ಯಾಸ ಮಾಡ್ಕೊಳ್ತಿದಾರೆ. ಬೆರಳು ನಿಮ್ಮ ಕುರ್ಚಿ ಕಡೆಗಿದೆಯಲ್ಲಕ್ಕಾ."

"ಕಣ್ಣು ಬಿಟ್ಟು ನೋಡು. ನಿನ್ನ ತಕ್ಕಡಿ ಕಡೆಗಿದೆ."

ಅಷ್ಟರಲ್ಲಿ ಬೆರಳು ಮಡಚಿಕೊಂಡಿತು. ಮ್ಯಾನೇಜರ್ ಬೆನ್ನು ಬಗ್ಗಿಸಿದರು, ಕಣ್ಣು ಒದ್ದೆ ಮಾಡಿಕೊಳ್ಳಲು ಹೆಣಗಿದರು, ಎರಡೂ ಕೈ ಜೋಡಿಸಿದರು. ತೂತಿನಿಂದ ಎಂದೂ ಕೇಳದಂಥ ಮೆತ್ತಗಿನ ದನಿ ಹೊರಬಂತು: "ಮಾಲೀಕರೇ, ದಯವಿಟ್ಟು ನನ್ನನ್ನ ತೆಗೀಬೇಡಿ. ಮಕ್ಕಳೊಂದಿಗ ನಾನು. ಬೇಕಾದ್ರೆ ಅವರಿಬ್ಬರನ್ನೂ ಇವತ್ತೇ ಕಳಿಸಿಬಿಡ್ತೀನಿ."

ಸಮಾಧಾನವಾಗಲಿಲ್ಲವೇನೋ, ಇನ್ನಷ್ಟು ಬಗ್ಗಿ ಮತ್ತೊಮ್ಮೆ ಹೇಳಿ ನೋಡಿದರು. ಗೋಡೆಯ ಮೇಲಿನ ನೆರಳು ಅರ್ಧಕ್ಕಿಳಿಯಿತು.

"ಇಬ್ಬರನ್ನೂ?" ಎಂದ ತೂಕದಣ್ಣ.

ಟೈಪಿಸ್ಟಮ್ಮನಿಗೆ ಪಿತ್ತ ನೆತ್ತಿಗೇರಿತು. ಹೇಗೂ ಹೋಗುವ ಕೆಲಸ, ಇನ್ನು ಯಾರ ಹೆದರಿಕೆ? ಎದ್ದು ಗಾಜಿನ ಪಕ್ಕದ ಸ್ವಿಚ್ಚುಗಳನ್ನೆಲ್ಲ ಒಟ್ಟಿಗೆ ಒತ್ತಿ, ನೇರವಾಗಿ ಗಾಜಿನೆದುರು ಬಂದು ನಿಂತಳು. ಮ್ಯಾನೇಜರ್ ನೋಡುತ್ತಿದ್ದಂತೆಯೇ ಅವರ ಮುಖ ಮಸುಕಾಗಿ, ಅದೇ ಜಾಗದಲ್ಲಿ ಅವಳ ಮುಖ ಮೂಡಿತು. ಜೋಡಿಸಿದ ಕೈ ಇಳಿಸುವುದೂ ಅವರಿಗೆ ತೋಚಲಿಲ್ಲ.

"ಸಾರ್," ಎಂದಳು ಅವಳು ಬಹಳ ವಿನಯದಿಂದ, "ಕೈ ಇನ್ನೂ ಸ್ವಲ್ಪ ಮೇಲಿರಲಿ, ಗಲ್ಲಕ್ಕೆ ತಾಗೋ ಹಾಗೆ. ಇಷ್ಟು ವರ್ಷ ನಿಮ್ಮ ಮುಂದೆ ಜೋಡಿಸಿದೀವಿ, ಅಳತೆ ನಮಗೆ ಚೆನ್ನಾಗಿ ಗೊತ್ತು."